ಓಡುವ ಮೋಟಾರಿನ ಬಲವನ್ನು ಅರಿಯುವ ಬಗೆ
ಮುಂಬಯಿ ಉಪನಗರ ರೈಲುಗಳಲ್ಲಿ ತಿರುಗುಬಲದ ಅಂದಾಜು, ಅದರ ದೋಷಗಳು ಮತ್ತು ಅವುಗಳ ಪತ್ತೆ

1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಭಾರತದ ಮೊತ್ತಮೊದಲ ವಿದ್ಯುತ್ ರೈಲು ಸಂಚರಿಸಿತು. ಅಂದಿನಿಂದ ಇಂದಿನವರೆಗೆ ಈ ಮಹಾನಗರದ ದೈನಂದಿನ ಬದುಕು ವಿದ್ಯುತ್ ಮೋಟಾರುಗಳ ಬಲದಿಂದಲೇ ನಡೆಯುತ್ತಿದೆ. ಡೊಂಬಿವಲಿ, ಮುಲುಂಡ್, ಬೋರಿವಲಿಗಳಲ್ಲಿ ನೆಲೆಸಿರುವ ಸಾವಿರಾರು ಕನ್ನಡಿಗ ಕುಟುಂಬಗಳೂ ಸೇರಿದಂತೆ ಲಕ್ಷಾಂತರ ಜನರು ಪ್ರತಿದಿನವೂ ಲೋಕಲ್ ರೈಲನ್ನೇ ನಂಬಿ ಮನೆಯಿಂದ ಹೊರಡುತ್ತಾರೆ. ರೈಲು ನಿಲ್ದಾಣದಿಂದ ಹೊರಡುವಾಗ ಬೋಗಿಯ ಕೆಳಗಿನಿಂದ ಕೇಳಿಬರುವ ಏರುದನಿಯ ಝೇಂಕಾರವು ಪ್ರಯಾಣಿಕರೆಲ್ಲರಿಗೂ ಪರಿಚಿತ. ಆದರೆ ಆ ಕ್ಷಣದಲ್ಲಿ ಮೋಟಾರು ಎಷ್ಟು ಬಲವನ್ನು ಪ್ರಯೋಗಿಸುತ್ತಿದೆಯೆಂಬುದನ್ನು ನೇರವಾಗಿ ಅಳೆಯುವ ಉಪಕರಣವು ಸಾಮಾನ್ಯವಾಗಿ ರೈಲಿನಲ್ಲಿ ಇರುವುದೇ ಇಲ್ಲ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿರಲಾರದು. ಆ ಬಲವನ್ನು ಲೆಕ್ಕ ಹಾಕಿ ಅಂದಾಜು ಮಾಡಲಾಗುತ್ತದೆ. ಆ ಲೆಕ್ಕ ತಪ್ಪಿದಾಗ ಏನಾಗುತ್ತದೆ, ತಪ್ಪನ್ನು ಹೇಗೆ ಕಂಡುಹಿಡಿಯಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಿರುಗುಬಲವೆಂದರೇನು?

ಯಾವುದೇ ವಸ್ತುವನ್ನು ಅಕ್ಷದ ಸುತ್ತ ತಿರುಗಿಸುವ ಸಾಮರ್ಥ್ಯಕ್ಕೆ ತಿರುಗುಬಲವೆನ್ನುತ್ತೇವೆ. ಇಂಜಿನಿಯರುಗಳು ಇದನ್ನು ಟಾರ್ಕ್ ಎಂದು ಕರೆಯುತ್ತಾರೆ. ಬೀಸುವ ಕಲ್ಲಿನ ಗೂಟವು ನಡುವಿನಿಂದ ದೂರದಲ್ಲಿದ್ದಷ್ಟೂ ಬೀಸುವವರಿಗೆ ಶ್ರಮ ಕಡಿಮೆ. ಏಕೆಂದರೆ ತಿರುಗುಬಲವು ನಾವು ಹಾಕುವ ಬಲ ಹಾಗೂ ಅಕ್ಷದಿಂದ ಅದರ ದೂರ ಇವೆರಡರ ಗುಣಲಬ್ಧವಾಗಿದೆ. ಆದುದರಿಂದಲೇ ಇದನ್ನು ನ್ಯೂಟನ್-ಮೀಟರ್ ಎಂಬ ಮಾನದಲ್ಲಿ ಹೇಳಲಾಗುತ್ತದೆ.

ತಿರುಗುಬಲ ಮತ್ತು ಶಕ್ತಿ ಒಂದೇ ಅಲ್ಲ. ಮಾಟುಂಗಾದ ಉಡುಪಿ ಹೋಟೆಲಿನ ಅಡಿಗೆಮನೆಯಲ್ಲಿ ನೆನೆದ ಅಕ್ಕಿ, ಉದ್ದು ತುಂಬಿದ ಗ್ರೈಂಡರನ್ನು ಚಾಲೂ ಮಾಡಿದ ಮೊದಲ ಕ್ಷಣವನ್ನು ಗಮನಿಸಿರಿ. ಕಲ್ಲು ಇನ್ನೂ ಚಲಿಸಿರುವುದಿಲ್ಲ. ಆದುದರಿಂದ ಅದು ಮಾಡಿದ ಕೆಲಸ ಶೂನ್ಯ. ಆದರೆ ಮೋಟಾರು ಅದರ ಮೇಲೆ ಗಣನೀಯ ತಿರುಗುಬಲವನ್ನು ಹಾಕುತ್ತಿರುತ್ತದೆ. ಕಲ್ಲು ವೇಗ ಪಡೆದಂತೆ ಶಕ್ತಿಯೂ ಹೆಚ್ಚುತ್ತದೆ. ತಿರುಗುಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಶಕ್ತಿ ದೊರೆಯುತ್ತದೆ. ಉದಾಹರಣೆಗೆ, ಮಿನಿಟಿಗೆ 1,500 ಸುತ್ತು ತಿರುಗುತ್ತ 200 ಕಿಲೋವ್ಯಾಟ್ ಶಕ್ತಿಯನ್ನು ನೀಡುವ ಮೋಟಾರಿನ ತಿರುಗುಬಲ ಸುಮಾರು 1,273 ನ್ಯೂಟನ್-ಮೀಟರ್ ಆಗಿರುತ್ತದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ.

ಹಳೆಯ ಮೋಟಾರು, ಹೊಸ ಮೋಟಾರು

ಮುಂಬಯಿಯ ಲೋಕಲ್ ರೈಲುಗಳು ಬಹುಕಾಲ 1,500 ವೋಲ್ಟುಗಳ ನೇರ ವಿದ್ಯುತ್ತಿನಿಂದ ನಡೆದವು. ಅವುಗಳಲ್ಲಿದ್ದ ನೇರ ವಿದ್ಯುತ್ ಮೋಟಾರಿನ ಸ್ವಭಾವ ಸರಳವಾದುದು. ವಿದ್ಯುತ್ ಪ್ರವಾಹ ಹೆಚ್ಚಿದರೆ ತಿರುಗುಬಲವೂ ಹೆಚ್ಚುತ್ತಿತ್ತು. ಆದುದರಿಂದ ಆಮ್‌ಮೀಟರಿನ ಮುಳ್ಳನ್ನು ನೋಡಿಯೇ ಮೋಟಾರು ಎಷ್ಟು ಎಳೆಯುತ್ತಿದೆಯೆಂದು ಅನುಭವಿಗಳು ಹೇಳಬಹುದಾಗಿತ್ತು. ಆದರೆ ಈ ಮೋಟಾರಿನ ಇಂಗಾಲದ ಬ್ರಶ್ಶುಗಳು ಸವೆಯುತ್ತಿದ್ದವು. ರೈಲು ಹೊರಡುವಾಗ ವಿದ್ಯುತ್ತಿನ ಒಂದಂಶ ರೋಧಕಗಳಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತಿತ್ತು.

ನಗರದ ರೈಲುಮಾರ್ಗಗಳನ್ನು 25,000 ವೋಲ್ಟುಗಳ ಪರ್ಯಾಯ ವಿದ್ಯುತ್ತಿಗೆ ಬದಲಿಸುವ ಕಾರ್ಯವು ಪಶ್ಚಿಮ ರೈಲ್ವೆಯಲ್ಲಿ 2012ರಲ್ಲಿಯೂ ಮಧ್ಯ ರೈಲ್ವೆಯ ಹಾರ್ಬರ್ ಮಾರ್ಗದಲ್ಲಿ 2016ರಲ್ಲಿಯೂ ಪೂರ್ಣಗೊಂಡಿತು. ಇದರ ಜೊತೆಜೊತೆಗೆ, 1999ರಲ್ಲಿ ಸ್ಥಾಪಿತವಾದ ಮುಂಬಯಿ ರೈಲ್ವೆ ವಿಕಾಸ ನಿಗಮದ ಯೋಜನೆಯನ್ವಯ 2007ರಿಂದ ಮೂರು ಹಂತದ ಪರ್ಯಾಯ ವಿದ್ಯುತ್ ಮೋಟಾರುಗಳುಳ್ಳ ಹೊಸ ರೇಕುಗಳು ಸಂಚಾರಕ್ಕೆ ಬಂದವು. 2017ರ ಡಿಸೆಂಬರ್ 25ರಂದು ಹವಾನಿಯಂತ್ರಿತ ಲೋಕಲ್ ಸಹ ಆರಂಭವಾಯಿತು.

ಹೊಸ ರೇಕುಗಳಲ್ಲಿರುವುದು ಇಂಡಕ್ಷನ್ ಮೋಟಾರು. ನಮ್ಮ ರೈತರ ಪಂಪುಸೆಟ್ಟಿನಲ್ಲಿರುವುದೂ ಇದೇ ಜಾತಿಯದು. ಇದರಲ್ಲಿ ಬ್ರಶ್ಶುಗಳಿಲ್ಲ, ಆದುದರಿಂದ ಸವೆತ ಕಡಿಮೆ. ಬ್ರೇಕು ಹಾಕಿದಾಗ ಇದೇ ಮೋಟಾರು ಜನರೇಟರಿನಂತೆ ವರ್ತಿಸಿ ವಿದ್ಯುತ್ತನ್ನು ಮೇಲಿನ ತಂತಿಗೆ ಹಿಂದಿರುಗಿಸಬಲ್ಲುದು. ಆದರೆ ಒಂದು ತೊಡಕಿದೆ. ಇಂಡಕ್ಷನ್ ಮೋಟಾರಿಗೆ ಹರಿಯುವ ಪ್ರವಾಹದಲ್ಲಿ ಎರಡು ಪಾಲುಗಳಿವೆ. ಒಂದು ಪಾಲು ಮೋಟಾರಿನೊಳಗೆ ಕಾಂತಕ್ಷೇತ್ರವನ್ನು ನಿರ್ಮಿಸುತ್ತದೆ. ಇನ್ನೊಂದು ಪಾಲು ತಿರುಗುಬಲವನ್ನು ಹುಟ್ಟಿಸುತ್ತದೆ. ಆಮ್‌ಮೀಟರು ಎರಡನ್ನೂ ಕೂಡಿಸಿ ತೋರಿಸುತ್ತದೆಯೇ ಹೊರತು ಬೇರೆ ಬೇರೆಯಾಗಿ ತೋರಿಸುವುದಿಲ್ಲ. ಹೀಗಾಗಿ ಈ ಮೋಟಾರಿನ ಬಲವನ್ನು ಆಮ್‌ಮೀಟರಿನ ಮುಳ್ಳಿನಿಂದ ಹೇಳಲಾಗದು.

ಅಂದಾಜು ಮಾಡುವ ವಿಧಾನ

ಅಕ್ಷದಂಡವು ಎಷ್ಟು ತಿರುಚಿಕೊಂಡಿದೆಯೆಂಬುದನ್ನು ಅಳೆದು ತಿರುಗುಬಲವನ್ನು ನೇರವಾಗಿ ತಿಳಿಯುವ ಸಾಧನಗಳಿವೆ. ಪ್ರಯೋಗಾಲಯಗಳಲ್ಲಿ ಅವು ಬಳಕೆಯಲ್ಲಿವೆ. ಆದರೆ ಹಳಿಗಳ ಅದುರಾಟ, ಧೂಳು, ಮಳೆನೀರು ಇವುಗಳ ನಡುವೆ ಪ್ರತಿಯೊಂದು ಮೋಟಾರಿಗೂ ಅಂತಹ ಸಾಧನವನ್ನು ಜೋಡಿಸಿ ವರ್ಷಗಟ್ಟಲೆ ಕಾಪಾಡುವುದು ದುಬಾರಿಯೂ ಕಷ್ಟಸಾಧ್ಯವೂ ಆಗಿದೆ. ಆದುದರಿಂದ ಮೋಟಾರಿಗೆ ಹರಿಯುವ ಪ್ರವಾಹ, ಅದಕ್ಕೆ ದೊರೆಯುವ ವೋಲ್ಟೇಜು ಮತ್ತು ತಿರುಗುವ ವೇಗ ಇವುಗಳನ್ನು ಆಧರಿಸಿ ನಿಯಂತ್ರಕ ಕಂಪ್ಯೂಟರು ತಿರುಗುಬಲವನ್ನು ಲೆಕ್ಕ ಹಾಕುತ್ತದೆ.

ಈ ವಿಧಾನಕ್ಕೆ ತಳಹದಿ ಬಿದ್ದುದು 1970ರ ದಶಕದ ಆರಂಭದಲ್ಲಿ. ಪ್ರವಾಹದ ಎರಡು ಪಾಲುಗಳನ್ನು ಗಣಿತದ ಮೂಲಕ ಬೇರ್ಪಡಿಸಿ ನಿಯಂತ್ರಿಸುವ ಬಗೆಯನ್ನು ಜರ್ಮನಿಯ ಇಂಜಿನಿಯರ್ ಬ್ಲಾಶ್ಕೆ ಅವರು ವಿವರಿಸಿದರು. 1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ತಾಕಾಹಾಶಿ ಮತ್ತು ನೊಗುಚಿ ಹಾಗೂ ಜರ್ಮನಿಯ ಡೆಪೆನ್‌ಬ್ರಾಕ್ ಅವರು ತಿರುಗುಬಲವನ್ನೇ ನೇರವಾಗಿ ನಿಯಂತ್ರಿಸುವ ವಿಧಾನಗಳನ್ನು ಪ್ರತ್ಯೇಕವಾಗಿ ಮುಂದಿಟ್ಟರು. ಇಂದು ಲೋಕಲ್ ರೈಲಿನಿಂದ ಹಿಡಿದು ಕಾರ್ಖಾನೆಯ ಕ್ರೇನಿನವರೆಗೆ ಇವೇ ತತ್ತ್ವಗಳು ಬಳಕೆಯಲ್ಲಿವೆ.

ಲೆಕ್ಕವು ಮೋಟಾರಿನ ಒಂದು ಗಣಿತ ಪ್ರತಿರೂಪವನ್ನು ಅವಲಂಬಿಸಿದೆ. ಸುರುಳಿಯ ರೋಧವೆಷ್ಟು, ಕಾಂತಕ್ಷೇತ್ರ ನಿರ್ಮಿಸುವ ಗುಣವೆಷ್ಟು ಮುಂತಾದ ಸಂಖ್ಯೆಗಳನ್ನು ಮೊದಲೇ ನಿಯಂತ್ರಕಕ್ಕೆ ತಿಳಿಸಿರಲಾಗುತ್ತದೆ. ಪ್ರತಿರೂಪ ಮತ್ತು ನಿಜವಾದ ಮೋಟಾರು ಒಂದೇ ತೆರನಾಗಿದ್ದರೆ ಅಂದಾಜು ಸರಿಯಾಗಿರುತ್ತದೆ. ಅವೆರಡೂ ಬೇರೆಯಾದ ಕ್ಷಣದಿಂದಲೇ ತಪ್ಪು ಆರಂಭವಾಗುತ್ತದೆ.

ತಪ್ಪಿದರೆ ಆಗುವ ಪರಿಣಾಮ

ಅಂದಾಜು ನಿಜಕ್ಕಿಂತ ಕಡಿಮೆ ತೋರಿಸುತ್ತಿದೆಯೆಂದು ಭಾವಿಸೋಣ. ಬಲ ಸಾಲದೆಂದು ತಿಳಿದು ನಿಯಂತ್ರಕವು ಮೋಟಾರಿನಿಂದ ಹೆಚ್ಚು ಬಲವನ್ನು ಹೊರಡಿಸುತ್ತದೆ. ಒಣ ಹಳಿಯ ಮೇಲೆ ಇದು ಕೇವಲ ಒಂದು ಜಗ್ಗಾಟವಾಗಿ ಮುಗಿಯಬಹುದು. ಆದರೆ ಮಳೆಗಾಲದಲ್ಲಿ, ಅದರಲ್ಲಿಯೂ ಮೊದಲ ಮಳೆಯ ತುಂತುರು ಹಳಿಯ ಮೇಲಿನ ಎಣ್ಣೆ ಮತ್ತು ಧೂಳಿನೊಡನೆ ಬೆರೆತಾಗ, ಗಾಲಿಗೂ ಹಳಿಗೂ ಇರುವ ಹಿಡಿತ ಬಹಳ ಕುಗ್ಗುತ್ತದೆ. ಆಗ ಅಗತ್ಯ ಮೀರಿದ ತಿರುಗುಬಲದಿಂದ ಗಾಲಿಗಳು ನಿಂತಲ್ಲಿಯೇ ಜಾರಿ ತಿರುಗುತ್ತವೆ. ಹಳಿಯೂ ಗಾಲಿಯೂ ಸವೆಯುತ್ತವೆ; ರೈಲು ಮುಂದೆ ಸಾಗುವುದಿಲ್ಲ.

ಅಂದಾಜು ನಿಜಕ್ಕಿಂತ ಹೆಚ್ಚು ತೋರಿಸಿದರೆ ಪರಿಣಾಮ ಬೇರೆ ಬಗೆಯದು. ಕಿಕ್ಕಿರಿದ ರೈಲು ಮಂದವಾಗಿ ಹೊರಡುತ್ತದೆ. ಕೆಲವೇ ಮಿನಿಟುಗಳ ಅಂತರದಲ್ಲಿ ರೈಲುಗಳು ಓಡುವ ಮಾರ್ಗದಲ್ಲಿ ಒಂದು ರೈಲಿನ ವಿಳಂಬವು ಹಿಂದಿನ ರೈಲುಗಳಿಗೂ ಹಬ್ಬುತ್ತದೆ. ಬ್ರೇಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂತಹ ರೇಕುಗಳಲ್ಲಿ ಸಾಮಾನ್ಯವಾಗಿ ಮೊದಲು ವಿದ್ಯುತ್ ಬ್ರೇಕನ್ನು ಬಳಸಿ, ಉಳಿದ ಕೊರತೆಯನ್ನು ಗಾಳಿ ಬ್ರೇಕಿನಿಂದ ತುಂಬಿಕೊಳ್ಳಲಾಗುತ್ತದೆ. ವಿದ್ಯುತ್ ಬ್ರೇಕು ಸಾಕಷ್ಟಿದೆಯೆಂದು ತಪ್ಪು ವರದಿ ಬಂದರೆ ಗಾಳಿ ಬ್ರೇಕು ಕಡಿಮೆ ಬೀಳುತ್ತದೆ. ರೈಲು ನಿಲ್ಲಬೇಕಾದ ಗುರುತನ್ನು ದಾಟಬಹುದು. ತುರ್ತು ಬ್ರೇಕು ಈ ಲೆಕ್ಕವನ್ನು ಅವಲಂಬಿಸದಂತೆ ರಚಿತವಾಗಿರುತ್ತದೆಯೆಂಬುದು ಸಮಾಧಾನದ ಸಂಗತಿ. ಆದರೂ ದಿನನಿತ್ಯದ ನಿಖರವಾದ ನಿಲುಗಡೆಗೆ ಸರಿಯಾದ ಅಂದಾಜು ಅವಶ್ಯವಾಗಿದೆ.

ತಾನೇ ತನಗೆ ಸಾಕ್ಷಿಯಾಗಲಾರದು

ದೋಷ ಪತ್ತೆಗೆ ತೊಡಗುವ ಮುನ್ನ ಒಂದು ಮುಖ್ಯ ವಿಷಯವನ್ನು ಮನಗಾಣಬೇಕು. ಮೋಟರ್‌ಮನ್ ಕೇಳಿದ ಬಲ ಶೇಕಡ 60. ಪರದೆಯ ಮೇಲೆ ತೋರುತ್ತಿರುವುದೂ ಶೇಕಡ 60. ಹೀಗಿರುವಾಗ ಎಲ್ಲವೂ ಸರಿಯಾಗಿದೆಯೆಂದು ಅನೇಕರು ತೀರ್ಮಾನಿಸುತ್ತಾರೆ. ಇದು ಸರಿಯಲ್ಲ. ಕೇಳಿದ ಸಂಖ್ಯೆಗೂ ಅಂದಾಜಿನ ಸಂಖ್ಯೆಗೂ ವ್ಯತ್ಯಾಸ ಬಾರದಂತೆ ಮೋಟಾರನ್ನು ನಡೆಸುವುದೇ ನಿಯಂತ್ರಕದ ಕೆಲಸ. ಅಂದಾಜೇ ತಪ್ಪಾಗಿದ್ದರೂ ಎರಡು ಸಂಖ್ಯೆಗಳು ಹೊಂದಿಕೊಂಡೇ ಇರುತ್ತವೆ. ತಪ್ಪಿರುವುದು ಅಕ್ಷದಂಡದ ಮೇಲಿನ ನಿಜವಾದ ಬಲ. ತಕ್ಕಡಿಯ ಕಲ್ಲೇ ಹಗುರಾಗಿದ್ದರೆ ಮುಳ್ಳು ನಡುವೆ ನಿಂತರೂ ಗಿರಾಕಿಗೆ ದೊರೆಯುವ ಸಾಮಾನು ಕಡಿಮೆಯೇ ತಾನೆ? ಆದುದರಿಂದ ಅಂದಾಜನ್ನು ಪರೀಕ್ಷಿಸಲು ಅದಕ್ಕೆ ಸಂಬಂಧವಿಲ್ಲದ ಮತ್ತೊಂದು ಸಾಕ್ಷಿ ಬೇಕು. ಅಂತಹ ಮೂರು ಸಾಕ್ಷಿಗಳು ಸುಲಭವಾಗಿ ದೊರೆಯುತ್ತವೆ.

ಮೊದಲನೆಯದು ಶಕ್ತಿಯ ಲೆಕ್ಕ. ಇನ್ವರ್ಟರಿಗೆ ಒಳಬರುವ ಶಕ್ತಿ 210 ಕಿಲೋವ್ಯಾಟ್. ಇನ್ವರ್ಟರು ಮತ್ತು ಮೋಟಾರುಗಳಲ್ಲಿ ನಷ್ಟವಾಗುವುದು 10 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಉಳಿದ 200 ಕಿಲೋವ್ಯಾಟಿಗೆ, ಮಿನಿಟಿಗೆ 1,500 ಸುತ್ತುಗಳಲ್ಲಿ, ಮೇಲೆ ತಿಳಿಸಿದಂತೆ 1,273 ನ್ಯೂಟನ್-ಮೀಟರ್ ದೊರೆಯಬೇಕು. ಪರದೆಯ ಮೇಲೆ 1,400 ಇದ್ದರೆ ಅಂದಾಜು ಶೇಕಡ 10ರಷ್ಟು ಹೆಚ್ಚಾಗಿದೆಯೆಂದರ್ಥ. ವೇಗ ತೀರ ಕಡಿಮೆಯಿರುವಾಗ ಮಾತ್ರ ಈ ವಿಧಾನ ಉಪಯೋಗಕ್ಕೆ ಬಾರದು. ಏಕೆಂದರೆ ಆಗ ಒಳಬರುವ ಶಕ್ತಿಯ ಬಹುಪಾಲು ನಷ್ಟವೇ ಆಗಿರುತ್ತದೆ.

ಎರಡನೆಯದು ವೇಗೋತ್ಕರ್ಷದ ಲೆಕ್ಕ. ಸಮತಟ್ಟಾದ ನೇರ ಹಳಿಯ ಮೇಲೆ 400 ಟನ್ ತೂಕದ ರೈಲಿನ ವೇಗವು ಪ್ರತಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಏರುತ್ತಿದ್ದರೆ, ಅದಕ್ಕೆ 200 ಕಿಲೋನ್ಯೂಟನ್ ಎಳೆತ ಬೇಕು. ತಿರುಗುವ ಗಾಲಿ, ಗೇರು ಮತ್ತು ಮೋಟಾರಿನ ಭಾಗಗಳ ಜಡತ್ವಕ್ಕಾಗಿ ಸುಮಾರು ಶೇಕಡ 10ನ್ನೂ, ಗಾಳಿ ಮತ್ತು ಘರ್ಷಣೆಗಳ ತಡೆಯನ್ನೂ ಕೂಡಿಸಬೇಕು. ಅಂದಾಜು ಮಾಡಿದ ತಿರುಗುಬಲಗಳ ಮೊತ್ತವು ಇದಕ್ಕೆ ತಾಳೆಯಾಗಬೇಕು.

ಮೂರನೆಯದು ಹೊರೆಯಿಲ್ಲದ ಪರೀಕ್ಷೆ. ಮೋಟಾರನ್ನು ಗೇರಿನಿಂದ ಬೇರ್ಪಡಿಸಿ ಒಂದೇ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದಾಗ +6, ಹಿಂದಕ್ಕೆ ತಿರುಗಿಸಿದಾಗ -2 ನ್ಯೂಟನ್-ಮೀಟರ್ ತೋರಿಸಿದರೆ, ಘರ್ಷಣೆಯ ಪಾಲು 4. ಉಳಿದ +2 ಲೆಕ್ಕದ ಶೂನ್ಯಬಿಂದುವಿನ ತಪ್ಪು. ಘರ್ಷಣೆಯ ಬಲವು ದಿಕ್ಕಿನೊಡನೆ ತನ್ನ ಚಿಹ್ನೆಯನ್ನು ಬದಲಿಸುತ್ತದೆ, ಶೂನ್ಯಬಿಂದುವಿನ ತಪ್ಪು ಬದಲಿಸುವುದಿಲ್ಲ ಎಂಬುದೇ ಇದರ ಗುಟ್ಟು.

ತಪ್ಪಿನ ಮೂಲಗಳು

ಬಿಸಿ: ತಾಮ್ರದ ರೋಧವು ಉಷ್ಣತೆ ಏರಿದಂತೆ ಹೆಚ್ಚುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಸುರುಳಿ 130 ಡಿಗ್ರಿಗೆ ಏರಿದರೆ ಅದರ ರೋಧ ಸುಮಾರು ಶೇಕಡ 38ರಷ್ಟು ಹೆಚ್ಚುತ್ತದೆ. ಬೆಳಿಗ್ಗೆ ಕಾರ್ ಶೆಡ್ಡಿನಿಂದ ಹೊರಟಾಗ ಸರಿಯಾಗಿದ್ದ ಲೆಕ್ಕ, ನಿಲ್ದಾಣ ನಿಲ್ದಾಣಕ್ಕೂ ನಿಂತು ಹೊರಡುವ ಲೋಕಲ್ ರೈಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ತಪ್ಪಲು ಇದೇ ಕಾರಣವಾಗಬಹುದು. ತಿರುಗುವ ಭಾಗವಾದ ರೋಟರಿನ ಉಷ್ಣತೆಯನ್ನು ತಿಳಿಯುವುದು ಇನ್ನೂ ಕಷ್ಟ. ಆದುದರಿಂದ ಉಷ್ಣತೆಗೆ ತಕ್ಕಂತೆ ರೋಧವನ್ನು ತಿದ್ದಿಕೊಳ್ಳುವ ಏರ್ಪಾಡು ನಿಯಂತ್ರಕದಲ್ಲಿರಬೇಕು.

ಪ್ರವಾಹ ಸಂವೇದಕ: ಮೂರು ತಂತಿಗಳ ಪ್ರವಾಹವನ್ನು ಅಳೆಯುವ ಸಂವೇದಕಗಳಲ್ಲಿ ಒಂದರ ಶೂನ್ಯ ಸರಿದಿದ್ದರೆ, ವಿದ್ಯುತ್ತಿನ ಆವರ್ತನಕ್ಕೆ ಸಮನಾದ ಏರಿಳಿತ ತಿರುಗುಬಲದಲ್ಲಿ ಕಾಣಿಸುತ್ತದೆ. ಶೂನ್ಯ ಸರಿಯಿದ್ದು ಒಂದು ಸಂವೇದಕ ಮಾತ್ರ ಉಳಿದವಕ್ಕಿಂತ ಹೆಚ್ಚು ಅಥವಾ ಕಡಿಮೆ ಅಳೆಯುತ್ತಿದ್ದರೆ, ಏರಿಳಿತವು ಆ ಆವರ್ತನದ ಎರಡರಷ್ಟಿರುತ್ತದೆ. ಹೀಗೆ ಏರಿಳಿತವನ್ನು ಎಣಿಸಿಯೇ ರೋಗವನ್ನು ಗುರುತಿಸಬಹುದು.

ವೇಗ ಸಂವೇದಕ: ಇಂಡಕ್ಷನ್ ಮೋಟಾರಿನ ರೋಟರು ಕಾಂತಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಈ ಹಿನ್ನಡೆಯೇ ತಿರುಗುಬಲದ ಮೂಲ. ಕಾಂತಕ್ಷೇತ್ರ ಮಿನಿಟಿಗೆ 1,500 ಸುತ್ತು, ರೋಟರು 1,470 ಸುತ್ತು ತಿರುಗಿದರೆ ಹಿನ್ನಡೆ ಕೇವಲ 30 ಸುತ್ತು. ವೇಗವನ್ನು ಅಳೆಯುವಾಗ ಬರಿಯ 10 ಸುತ್ತುಗಳ ತಪ್ಪಾದರೂ, ಅದು ವೇಗದಲ್ಲಿ ಶೇಕಡ ಒಂದಕ್ಕಿಂತ ಕಡಿಮೆ. ಆದರೆ ಹಿನ್ನಡೆಯಲ್ಲಿ ಮೂರರಲ್ಲೊಂದು ಪಾಲು. ಚಕ್ರದ ಹಲ್ಲುಗಳ ನಡುವೆ ಸಿಲುಕಿದ ಕೊಳೆ, ನೀರು ಹೊಕ್ಕ ಕನೆಕ್ಟರು, ಸಡಿಲಗೊಂಡ ತಂತಿ ಇವು ದೊಡ್ಡ ತಪ್ಪಿಗೆ ಕಾರಣವಾಗುವುದು ಹೀಗೆ.

ಇನ್ವರ್ಟರಿನ ವಿರಾಮಕಾಲ: ಇನ್ವರ್ಟರಿನಲ್ಲಿ ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳು ಒಮ್ಮೆಗೇ ಚಾಲೂ ಆದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದನ್ನು ತಡೆಯಲು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಆರಂಭಿಸುವ ನಡುವೆ ಕ್ಷಣಾರ್ಧಕ್ಕಿಂತಲೂ ಚಿಕ್ಕದಾದ ವಿರಾಮವನ್ನು ಕೊಡಲಾಗುತ್ತದೆ. ಉದಾಹರಣೆಗೆ, 1,800 ವೋಲ್ಟುಗಳ ಇನ್ವರ್ಟರಿನಲ್ಲಿ ಸೆಕೆಂಡಿಗೆ 500 ಬಾರಿ, ಪ್ರತಿಬಾರಿಯೂ 10 ಮೈಕ್ರೋಸೆಕೆಂಡಿನ ವಿರಾಮವಿದ್ದರೆ ಸುಮಾರು 9 ವೋಲ್ಟು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ರೈಲು ವೇಗವಾಗಿ ಓಡುವಾಗ ಇದು ನಗಣ್ಯ. ಆದರೆ ಹೊರಡುವ ಕ್ಷಣದಲ್ಲಿ ಮೋಟಾರಿಗೆ ಬೇಕಾಗುವುದೇ ಕೆಲವು ಹತ್ತು ವೋಲ್ಟು. ಅಲ್ಲಿ 9 ವೋಲ್ಟು ಬಹುದೊಡ್ಡ ಪಾಲಾಗುತ್ತದೆ.

ಕೂಡಿಕೆಯ ತಪ್ಪು: ಕಾಂತಕ್ಷೇತ್ರವನ್ನು ತಿಳಿಯಲು ನಿಯಂತ್ರಕವು ವೋಲ್ಟೇಜನ್ನು ಕ್ಷಣಕ್ಷಣವೂ ಕೂಡಿಸುತ್ತ ಹೋಗುತ್ತದೆ. ಪ್ರತಿ ದಿನದ ಜಮಾಖರ್ಚಿನಲ್ಲಿ ಒಂದು ರೂಪಾಯಿ ತಪ್ಪಿದರೆ ವರ್ಷಾಂತ್ಯಕ್ಕೆ 365 ರೂಪಾಯಿಗಳ ವ್ಯತ್ಯಾಸ ಬರುವಂತೆ, ಅತ್ಯಲ್ಪವಾದ ವೋಲ್ಟೇಜಿನ ತಪ್ಪೂ ಕೂಡಿ ಕೂಡಿ ದೊಡ್ಡದಾಗುತ್ತದೆ. ವೇಗ ಕಡಿಮೆಯಿರುವಾಗ ಇದರ ಹಾವಳಿ ಹೆಚ್ಚು.

ಕಾಂತೀಯ ಗುಣದ ಬದಲಾವಣೆ: ಕಬ್ಬಿಣವು ಹಿಡಿದಿಡಬಲ್ಲ ಕಾಂತಕ್ಷೇತ್ರಕ್ಕೆ ಮಿತಿಯಿದೆ. ಮಿತಿ ಸಮೀಪಿಸಿದಾಗ ಮೋಟಾರಿನ ಗುಣ ಬದಲಾಗುತ್ತದೆ. ಅಂತೆಯೇ ಹೆಚ್ಚಿನ ವೇಗದಲ್ಲಿ ಕಾಂತಕ್ಷೇತ್ರವನ್ನು ಬೇಕೆಂದೇ ತಗ್ಗಿಸಿ ಓಡಿಸುವಾಗಲೂ ಅದು ಬದಲಾಗುತ್ತದೆ. ಒಂದೇ ಸ್ಥಿರಸಂಖ್ಯೆಯನ್ನು ಎಲ್ಲ ವೇಗಗಳಿಗೂ ಬಳಸಿದರೆ ಲೆಕ್ಕ ತಪ್ಪುವುದು ಸಹಜ.

ಗಾಲಿಗಳ ಸವೆತ: ಮೊತ್ತ ಸರಿ, ಪಾಲು ತಪ್ಪು

ರೈಲುಗಳಲ್ಲಿ ಕಂಡುಬರುವ ಒಂದು ವಿಶೇಷ ದೋಷವನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಒಂದೇ ಇನ್ವರ್ಟರಿನಿಂದ ಎರಡು ಅಥವಾ ಹೆಚ್ಚು ಮೋಟಾರುಗಳಿಗೆ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆ ರೈಲುಗಳಲ್ಲಿ ವ್ಯಾಪಕವಾಗಿದೆ. ಇಂತಹ ಮೋಟಾರುಗಳೆಲ್ಲಕ್ಕೂ ದೊರೆಯುವ ಆವರ್ತನ ಒಂದೇ. ಗಾಲಿಗಳು ಮಾತ್ರ ಎಲ್ಲವೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ.

ಎರಡು ಗಾಲಿಜೋಡಿಗಳ ವ್ಯಾಸದಲ್ಲಿ ಶೇಕಡ ಒಂದರಷ್ಟು ವ್ಯತ್ಯಾಸವಿದೆಯೆನ್ನೋಣ. ಒಂದೇ ರೈಲಿನಲ್ಲಿ ಒಟ್ಟಿಗೆ ಓಡುವುದರಿಂದ ದೊಡ್ಡ ಗಾಲಿ ಚಿಕ್ಕದಕ್ಕಿಂತ ನಿಧಾನವಾಗಿ ತಿರುಗಬೇಕಾಗುತ್ತದೆ. ಮಿನಿಟಿಗೆ 1,500 ಸುತ್ತಿನ ಆಸುಪಾಸಿನಲ್ಲಿ ಈ ವ್ಯತ್ಯಾಸ ಸುಮಾರು 15 ಸುತ್ತು. ತಿರುಗುಬಲವನ್ನು ಹುಟ್ಟಿಸುವ ಹಿನ್ನಡೆಯೇ 30 ಸುತ್ತು ಇರುವಾಗ, 15 ಸುತ್ತುಗಳ ವ್ಯತ್ಯಾಸವೆಂದರೆ ಅರ್ಧದಷ್ಟಾಯಿತು. ಹೀಗಾಗಿ ರೈಲನ್ನು ಎಳೆಯುವಾಗ ದೊಡ್ಡ ಗಾಲಿಯ ಮೋಟಾರು ಅತಿಯಾಗಿ ದುಡಿದು ಬಿಸಿಯಾಗುತ್ತದೆ. ಚಿಕ್ಕ ಗಾಲಿಯದು ಹಗುರಾಗಿ ಉಳಿಯುತ್ತದೆ. ಬ್ರೇಕು ಹಾಕಿದಾಗ ಇದು ತಿರುವುಮುರುವಾಗಿ ಚಿಕ್ಕ ಗಾಲಿಯ ಮೋಟಾರಿನ ಮೇಲೆ ಹೆಚ್ಚು ಹೊರೆ ಬೀಳುತ್ತದೆ.

ಇನ್ವರ್ಟರಿನ ಅಂದಾಜು ಎಲ್ಲ ಮೋಟಾರುಗಳ ಒಟ್ಟು ಬಲವನ್ನು ತೋರಿಸುತ್ತದೆ. ಮೊತ್ತ ಸರಿಯಾಗಿಯೇ ಇರಬಹುದು. ಆದರೆ ಒಂದು ಮೋಟಾರು ಮಿತಿ ಮೀರಿ ದುಡಿಯುತ್ತಿರುವುದು ಅದರಲ್ಲಿ ಮರೆಯಾಗುತ್ತದೆ. ಇದಕ್ಕೆ ಕಂಪ್ಯೂಟರಿನಲ್ಲಿ ಪರಿಹಾರವಿಲ್ಲ. ಗಾಲಿಗಳನ್ನು ಅಳೆದು, ಲೇತಿನಲ್ಲಿ ತಿದ್ದಿ, ಒಂದೇ ಇನ್ವರ್ಟರಿಗೆ ಸೇರಿದ ಗಾಲಿಜೋಡಿಗಳ ವ್ಯಾಸವನ್ನು ನಿಗದಿತ ಮಿತಿಯೊಳಗೆ ಇರಿಸಬೇಕು. ತಿದ್ದಿದ ಬಳಿಕ ಹೊಸ ವ್ಯಾಸವನ್ನು ನಿಯಂತ್ರಕಕ್ಕೆ ತಿಳಿಸಲು ಮರೆಯಬಾರದು. ಏಕೆಂದರೆ ತಿರುಗುಬಲವನ್ನು ಎಳೆತವಾಗಿ ಪರಿವರ್ತಿಸುವ ಲೆಕ್ಕದಲ್ಲಿಯೂ, ರೈಲಿನ ವೇಗದ ಲೆಕ್ಕದಲ್ಲಿಯೂ ವ್ಯಾಸ ಬರುತ್ತದೆ. 950 ಮಿಲಿಮೀಟರಿನ ಗಾಲಿ 870ಕ್ಕೆ ಇಳಿದಿದ್ದರೂ ಹಳೆಯ ಸಂಖ್ಯೆಯೇ ಉಳಿದಿದ್ದರೆ ಸುಮಾರು ಶೇಕಡ 9ರಷ್ಟು ತಪ್ಪು ಅಲ್ಲಿಯೇ ಹುಟ್ಟುತ್ತದೆ.

ಪತ್ತೆಯ ಕ್ರಮ

ತಪ್ಪು ಕಂಡೊಡನೆ ಸಂಖ್ಯೆಗಳನ್ನು ತಿದ್ದಲು ಹೊರಡುವುದು ಸರಿಯಲ್ಲ. ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

1. ತಪ್ಪೆಂಬುದು ನಿಜವೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಪರದೆಯಲ್ಲಿರುವುದು ನ್ಯೂಟನ್-ಮೀಟರೇ, ಶೇಕಡಾವಾರೇ? ಶೇಕಡಾವಾರಾದರೆ ಯಾವುದರ ಶೇಕಡ? ಪ್ರವಾಹದ ಶೇಕಡವನ್ನು ತಿರುಗುಬಲದ ಶೇಕಡವೆಂದು ಓದುವುದು ಸಾಮಾನ್ಯವಾದ ತಪ್ಪು. ಅಲ್ಲದೆ ಅಂದಾಜು ಮೋಟಾರಿನ ಒಳಗಿನ ಬಲಕ್ಕೆ ಸಂಬಂಧಿಸಿದ್ದು. ಅಕ್ಷದಂಡಕ್ಕೆ ತಲುಪುವಷ್ಟರಲ್ಲಿ ಘರ್ಷಣೆ ಮೊದಲಾದ ನಷ್ಟಗಳು ಕಳೆಯುತ್ತವೆ.

2. ಮೋಟಾರಿನ ಫಲಕದಲ್ಲಿರುವ ವಿವರಗಳನ್ನು ನಿಯಂತ್ರಕದಲ್ಲಿರುವ ವಿವರಗಳೊಡನೆ ತಾಳೆ ನೋಡಬೇಕು. ಮೋಟಾರನ್ನು ಬದಲಿಸಿದ್ದರೆ ಅಥವಾ ಮರುಸುತ್ತಿಸಿದ್ದರೆ ಇದು ಅತ್ಯಗತ್ಯ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ತುದಿಗಳ ನಡುವೆ ಅಳೆದ ರೋಧವು ಒಂದು ಸುರುಳಿಯ ರೋಧದ ಎರಡರಷ್ಟಿರುತ್ತದೆ. ಅದನ್ನು ಹಾಗೆಯೇ ನಮೂದಿಸಿದರೆ ಲೆಕ್ಕ ಆರಂಭದಲ್ಲಿಯೇ ತಪ್ಪುತ್ತದೆ.

3. ಮೋಟಾರು ನಿಂತಿರುವಾಗ ಪ್ರವಾಹ ಸಂವೇದಕಗಳು ಶೂನ್ಯ ತೋರಿಸುತ್ತಿವೆಯೇ ನೋಡಬೇಕು. ಓಡುವಾಗ ಮೂರನ್ನೂ ಪ್ರತ್ಯೇಕ ಉಪಕರಣದಿಂದ ಅಳೆದು ಹೋಲಿಸಬೇಕು.

4. ವೇಗ ಸಂವೇದಕ, ಅದರ ತಂತಿ, ಕನೆಕ್ಟರು ಮತ್ತು ನೆಲಸಂಪರ್ಕಗಳನ್ನು ಪರೀಕ್ಷಿಸಬೇಕು. ಮಳೆಗಾಲದ ನಂತರ ಇದನ್ನು ತಪ್ಪದೆ ಮಾಡಬೇಕು.

5. ತಪ್ಪು ಯಾವಾಗ ಕಾಣುತ್ತದೆಯೆಂಬುದನ್ನು ಬರೆದಿಡಬೇಕು. ಕಡಿಮೆ ವೇಗದಲ್ಲಿ ಮಾತ್ರವಾದರೆ ರೋಧ, ವಿರಾಮಕಾಲ ಅಥವಾ ಕೂಡಿಕೆಯ ತಪ್ಪು. ಅತಿ ವೇಗದಲ್ಲಿ ಮಾತ್ರವಾದರೆ ಕಾಂತೀಯ ಗುಣದ ಸಂಖ್ಯೆಗಳು. ಹೊರೆಯೊಡನೆ ಬೆಳೆಯುತ್ತಿದ್ದರೆ ಸಂವೇದಕದ ಅಳತೆ. ಸಮಯ ಕಳೆದಂತೆ ಬೆಳೆಯುತ್ತಿದ್ದರೆ ಬಿಸಿ. ಥಟ್ಟನೆ ಬಂದು ಹೋಗುತ್ತಿದ್ದರೆ ಸಡಿಲ ಸಂಪರ್ಕ. ಅಕ್ಷದ ಪ್ರತಿ ಸುತ್ತಿಗೊಮ್ಮೆ ಬರುತ್ತಿದ್ದರೆ ವೇಗ ಸಂವೇದಕದ ಓರೆ ಅಥವಾ ಯಾಂತ್ರಿಕ ದೋಷ.

6. ಯಾಂತ್ರಿಕ ಭಾಗಗಳನ್ನು ಮರೆಯಬಾರದು. ಬೇರಿಂಗು ಬಿಗಿದಿದ್ದರೆ ಅಥವಾ ಬ್ರೇಕು ಪೂರ್ತಿ ಬಿಡದಿದ್ದರೆ ಮೋಟಾರು ನಿಜವಾಗಿಯೂ ಹೆಚ್ಚು ದುಡಿಯುತ್ತಿರುತ್ತದೆ. ಆಗ ಅಂದಾಜು ಸತ್ಯವನ್ನೇ ಹೇಳುತ್ತಿದೆ, ತಪ್ಪಿರುವುದು ಯಂತ್ರದಲ್ಲಿ.

7. ಎಲ್ಲವೂ ಸರಿಯೆಂದು ಕಂಡ ಮೇಲೆಯೇ ಮೋಟಾರಿನ ಗುಣಗಳನ್ನು ನಿಯಂತ್ರಕವು ತಾನೇ ಗುರುತಿಸಿಕೊಳ್ಳುವ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಹಳೆಯ ಸಂಖ್ಯೆಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡಿರಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು.

ಕೊನೆಯ ಮಾತಿಗೆ ಕಾರಣವಿದೆ. ತಪ್ಪನ್ನು ಮರೆಮಾಚಲು ಒಂದು ಗುಣಕವನ್ನು ಸೇರಿಸಿ ಪರದೆಯ ಸಂಖ್ಯೆಯನ್ನು ಸರಿಮಾಡುವುದು ಸುಲಭ. ಆದರೆ ಅಂದು ಆ ವೇಗದಲ್ಲಿ, ಆ ಬಿಸಿಯಲ್ಲಿ ಸರಿಹೋದದ್ದು ಮರುದಿನ ಮಳೆಯಲ್ಲಿ ತಪ್ಪುತ್ತದೆ. ಮೂಲದೋಷವೂ ಗುಣಕದ ದೋಷವೂ ಬೆರೆತು ಮುಂದೆ ಪರೀಕ್ಷಿಸುವವರಿಗೆ ದಾರಿಯೇ ಕಾಣದಂತಾಗುತ್ತದೆ.

ಸುರಕ್ಷತೆ

ಈ ಪರೀಕ್ಷೆಗಳನ್ನು ತರಬೇತಿ ಪಡೆದ ಸಿಬ್ಬಂದಿ ಮಾತ್ರ ಮಾಡತಕ್ಕದ್ದು. ವಿದ್ಯುತ್ತನ್ನು ನಿಲ್ಲಿಸಿದ ಮೇಲೆಯೂ ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವೋಲ್ಟೇಜು ಉಳಿದಿರುತ್ತದೆ. ತಯಾರಕರು ಸೂಚಿಸಿದಷ್ಟು ಹೊತ್ತು ಕಾದು, ಅಳೆದು ನೋಡಿ, ನೆಲಸಂಪರ್ಕ ಕೊಟ್ಟ ನಂತರವೇ ಕೈ ಹಾಕಬೇಕು. ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟುಗಳ ವಿದ್ಯುತ್ತು ಹರಿಯುತ್ತಿರುವುದರಿಂದ ಮುಟ್ಟದಿದ್ದರೂ, ಹತ್ತಿರ ಹೋದರೆ ಸಾಕು, ಅಪಾಯ ತಪ್ಪಿದ್ದಲ್ಲ. ಪ್ರಯಾಣಿಕರು ಯಾವ ಕಾರಣಕ್ಕೂ ಬೋಗಿಯ ಮೇಲೆ ಹತ್ತಬಾರದು.

ಸಣ್ಣ ಕೈಗಾರಿಕೆಗಳಿಗೂ ಇದು ಅನ್ವಯ

ಮೇಲಿನ ವಿವರಣೆ ರೈಲಿಗೆ ಮಾತ್ರ ಸೀಮಿತವಲ್ಲ. ಅಂಧೇರಿಯಲ್ಲಾಗಲಿ, ಠಾಣೆಯಲ್ಲಾಗಲಿ, ಬೆಂಗಳೂರಿನ ಪೀಣ್ಯದಲ್ಲಾಗಲಿ, ಡ್ರೈವಿನಿಂದ ಮೋಟಾರು ನಡೆಸುವ ಯಾವುದೇ ಕಾರ್ಖಾನೆಯಲ್ಲಿ ಇದೇ ತತ್ತ್ವಗಳು ಅನ್ವಯವಾಗುತ್ತವೆ. ಹಾಯಿಸ್ಟು, ಲಿಫ್ಟು, ಮಿಕ್ಸರು, ಕಾಗದ ಸುತ್ತುವ ಯಂತ್ರ ಮುಂತಾದ ಕಡೆ ಅಂದಾಜು ತಪ್ಪಿದರೆ ಸರಕು ಕೆಡುವುದಷ್ಟೇ ಅಲ್ಲ, ಕೆಲಸಗಾರರ ಸುರಕ್ಷತೆಗೂ ಧಕ್ಕೆ ಬರಬಹುದು. ಹೊಸ ಮೋಟಾರನ್ನು ಜೋಡಿಸಿದ ದಿನವೇ ಹೊರೆಯಿಲ್ಲದ ಪರೀಕ್ಷೆಯ ಫಲಿತಾಂಶವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಸಂದೇಹ ಬಂದಾಗ ಹೋಲಿಸಲು ಆಧಾರ ದೊರೆಯುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ಅರ್ಧ ಗಂಟೆಯ ಕಾಲ ಸಾಕು.

ಪರದೆಯ ಮೇಲಿನ ಸಂಖ್ಯೆ ಅಳತೆಯಲ್ಲ, ಅಂದಾಜು. ಅದನ್ನು ಗೌರವಿಸಬೇಕು, ಆದರೆ ಇನ್ನೊಂದು ಸಾಕ್ಷಿಯಿಲ್ಲದೆ ನಂಬಬಾರದು. ಕಾರ್ ಶೆಡ್ಡುಗಳಲ್ಲಿ ಗಾಲಿಯ ವ್ಯಾಸವನ್ನು ಅಳೆದು ಬರೆದಿಡುವ, ಕನೆಕ್ಟರನ್ನು ಬಿಚ್ಚಿ ಒಣಗಿಸುವ, ಸಂವೇದಕದ ಶೂನ್ಯವನ್ನು ಮತ್ತೆ ಮತ್ತೆ ನೋಡುವ ತಂತ್ರಜ್ಞರ ಕೆಲಸ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ. ಮಳೆ ಸುರಿಯುವ ಬೆಳಗಿನಲ್ಲಿ ಕಿಕ್ಕಿರಿದ ಲೋಕಲ್ ಜಗ್ಗದೆ ಹೊರಟು, ಪ್ಲಾಟ್‌ಫಾರ್ಮಿನ ಗುರುತಿಗೆ ಸರಿಯಾಗಿ ನಿಂತರೆ, ಅದರ ಹಿಂದೆ ಇರುವುದು ಈ ಲೆಕ್ಕ ಮತ್ತು ಈ ಎಚ್ಚರ.